ಮಿರ್ಚಿಯೂ ಮೀಟರೂ

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ಮೂಗು ಸೂಕ್ಷ್ಮ ಇದ್ದವರಿಗೆ ಮೂರನೆಯದೂ ಗೊತ್ತು: ಮಹಾನವಮಿಯ ಸುಣ್ಣ-ಸಾರಣೆಗೆ ಶುರುವಾಗಿ ಕಾರ್ತೀಕದ ದೀಪ ಆರುವವರೆಗೆ ನಡೆಯುವ ಸೀನುಗಾಲ. ಬಳ್ಳಾರಿ ಬಳಿಯ ಹಲಕುಂದಿಯಲ್ಲಿ ಅದು ತುಸು ಹೆಚ್ಚೇ ವೈಭವದಿಂದ ಬರುತ್ತದೆ. ಒಂದು ಕಡೆ ಓಬಳಾಪುರದತ್ತ ಹೋಗುವ ಹೆದ್ದಾರಿಯ ಲಾರಿ ಧೂಳು, ಇನ್ನೊಂದು ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳ ಕರಿಪುಡಿ, ನಡುವಿನ ಖಾಲಿ ಸೈಟುಗಳಲ್ಲಿ ಮಳೆಗೆ ಸೊಕ್ಕಿ ಬೆಳೆದು ಬಿಳಿ ಹೂ ಬಿಟ್ಟು ನಿಂತ ಕಾಂಗ್ರೆಸ್ ಗಿಡ.

ಗಿಡ ನಮ್ಮದಲ್ಲ. ಅಮೆರಿಕ ಖಂಡದ ಈ ಪಾರ್ಥೇನಿಯಂ 1950ರ ದಶಕದ ನಡುವಿಗೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಆಮದು ಗೋಧಿಯ ಜೊತೆ ಬಂತು ಎನ್ನುವವರೇ ಹೆಚ್ಚು. ಅದನ್ನು ತಿನ್ನಲೆಂದು 1983ರಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನು ಬೆಂಗಳೂರಿಗೆ ಕರೆಸಿದರು. ಮರುವರ್ಷ ಬಯಲಿಗೆ ಬಿಟ್ಟರು. ಹಲಕುಂದಿಯ ಗಿಡಗಳ ಮೈಕಟ್ಟು ನೋಡಿದರೆ ಆ ಜೀರುಂಡೆಗೆ ಇತ್ತ ಬರುವ ಬಸ್ಸು ಇನ್ನೂ ಸಿಕ್ಕಂತಿಲ್ಲ.

ಈ ಪ್ರಬಂಧದ ಲೇಖಕರು (ತಮ್ಮನ್ನು ತಾವೇ ಬಹುವಚನದಲ್ಲಿ ಕರೆದುಕೊಳ್ಳುವಷ್ಟು ವಿನಯ ಅವರಿಗಿದೆ) ಊರಿನ ಗಾಳಿ ಕೈಯಲ್ಲಿಲ್ಲದಿದ್ದರೂ ಮನೆಯೊಳಗಿನ ಗಾಳಿಯನ್ನಾದರೂ ಸುಧಾರಿಸಬೇಕೆಂದು ಪಣ ತೊಟ್ಟರು. ಸೀನು ಮನುಷ್ಯನಿಂದ ಏನೇನೋ ಮಾಡಿಸುತ್ತದೆ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲಾಕ್ಲಿ ಸ್ವತಃ ಪರಾಗದ ಸೀನಿನ ರೋಗಿ. ಪರಾಗ ಎಷ್ಟು ಎತ್ತರಕ್ಕೆ ಹಾರುತ್ತದೆಂದು ತಿಳಿಯಲು ಅಂಟು ಸವರಿದ ಗಾಜಿನ ತುಂಡುಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, 1873ರಲ್ಲಿ ಪುಸ್ತಕವನ್ನೇ ಬರೆದ. ಹಾಗಾಗಿ ಲೇಖಕರ ಹುಚ್ಚಿಗೆ ಒಳ್ಳೆಯ ವಂಶಾವಳಿಯೇ ಇದೆ.

ಮೊದಲು ಬಂದದ್ದು ಕುಂಡಗಳು. ಒಳಾಂಗಣ ಗಿಡಗಳು ಗಾಳಿ ಶುದ್ಧ ಮಾಡುತ್ತವೆಂದು ನಾಸಾ 1989ರಲ್ಲೇ ಹೇಳಿದೆ ಎಂದು ನರ್ಸರಿಯವ ಆಣೆ ಮಾಡಿದ. ಹೇಳಿದ್ದೇನೋ ನಿಜ, ಆದರೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಪ್ರಯೋಗ ಅದು. 2019ರಲ್ಲಿ ಅಮೆರಿಕದ ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಕಿಟಕಿ-ಬಾಗಿಲ ಗಾಳಿಯಾಟ ತಾನಾಗಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಹತ್ತಡಿ-ಹನ್ನೆರಡಡಿ ಮಲಗುವ ಕೋಣೆಗೆ ಕಡಿಮೆಯೆಂದರೂ 110 ಕುಂಡ. ಮಲಗುವುದು ಎಲ್ಲಿ ಎಂಬುದಕ್ಕೆ ಸಂಶೋಧನೆಯಲ್ಲಿ ಉತ್ತರವಿರಲಿಲ್ಲ. ಕುಂಡಗಳು ನಾದಿನಿಯ ಮನೆ ಸೇರಿದವು.

ಆಮೇಲೆ ಬಂತು ಮೀಟರು. ಅಂಗೈಯಗಲದ್ದು. 2.5 ಮೈಕ್ರಾನಿಗಿಂತ ಸಣ್ಣ ಕಣ ಗಾಳಿಯಲ್ಲಿ ಎಷ್ಟಿದೆಯೆಂದು ಅಂಕಿಯಲ್ಲೂ ಬಣ್ಣದಲ್ಲೂ ತೋರಿಸುತ್ತದೆ. ಇಡೀ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ಭಾರತದ ಮಾನಕ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ 15 ಎನ್ನುತ್ತಿದೆ. ಲೇಖಕರ ಪಡಸಾಲೆ 58 ತೋರಿಸಿತು. ದೇಶದ ಮಟ್ಟಿಗೆ ಪಾಸು, ವಿಶ್ವದ ಮಟ್ಟಿಗೆ ಡುಮ್ಕಿ.

ಭಾನುವಾರ ಬೆಳಗ್ಗೆ ಲೇಖಕರು ಕಿಟಕಿ ಸಂದಿಗಳಿಗೆಲ್ಲ ಅಗಲ ಟೇಪು ಅಂಟಿಸಿದರು. ಬಾಗಿಲಡಿಗೆ ಒದ್ದೆ ಪಂಚೆ ತುರುಕಿದರು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕಂಡಿಗೆ ಹಳೇ ಕೌದಿ ಗಿಡಿದರು. "ಏನ್ರೀ, ಮನಿಗೆ ಕಟ್ಟು ಹಾಕ್ಸೀರಿ? ಎಲ್ಲಿ ಬಿದ್ದಿತ್ತು?" ಎಂದರು ಮನೆಯವರು. ಉತ್ತರ ಕೊಡಲು ಪುರುಸೊತ್ತಿರಲಿಲ್ಲ, ಅಂಕಿ ಇಳಿಯುತ್ತಿತ್ತು. 49. 38. 31. ಬಣ್ಣ ಹಸಿರಾಯಿತು. ಮೀಟರಿನ ಮುಂದೆ ಪದ್ಮಾಸನ ಹಾಕಿ ಕೂತ ಲೇಖಕರ ಮುಖದಲ್ಲಿ ಕೇಂದ್ರ ಪರಿಸರ ಮಂತ್ರಿಯ ಕಳೆ.

ಆದರೆ ಅದು ಬಳ್ಳಾರಿ ಸೀಮೆಯ ಭಾನುವಾರ. ಒಳಗೆ ಮಂಡಕ್ಕಿ ನೆನೆದಿತ್ತು. ಸಾಸಿವೆ ಸಿಡಿಯಿತು: 46. ಸೀಳಿದ ಹಸಿಮೆಣಸಿನಕಾಯಿ ಎಣ್ಣೆಗೆ ಬಿತ್ತು: 112. ಒಳಕೋಣೆಯಿಂದ ಅವ್ವ ಒಂದೇ ಒಂದು ಸಲ ಕೆಮ್ಮಿದರು, ಅಭಿಪ್ರಾಯ ಹೇಳಿದಂತೆ. ಒಗ್ಗರಣಿ ಇಳಿಯಿತು, ಮಿರ್ಚಿಗೆ ಬಾಣಲೆ ಏರಿತು. ಕಡ್ಲೆಹಿಟ್ಟಿನಲ್ಲಿ ಅದ್ದಿದ ಮೊದಲ ನಾಲ್ಕು ಎಣ್ಣೆಗೆ ಇಳಿಯುತ್ತಲೂ ಬಣ್ಣ ಹಳದಿ ದಾಟಿ ಕೆಂಪಾಯಿತು. "ಇನ್ನೂರಾ ನಲವತ್ತು!" ಎಂದು ಲೇಖಕರು ಚೀರಿದರು. ಬಾಣಲೆಯ ಸದ್ದಿನಲ್ಲಿ ಮನೆಯವರಿಗೆ ಅದು ಬೇರೆಯೇ ಕೇಳಿಸಿತು.

"ಏಟು?"

"ಮುನ್ನೂರಾ ಎಂಬತ್ತು!"

"ಅಷ್ಟು ಮಿರ್ಚಿ ತಿನ್ನಾಕ ಯಾರು ಬರಾಕತ್ಯಾರ್ರೀ? ಹಿಟ್ಟು ಇರಾದು ಅರ್ಧ ಕೇಜಿ!"

"ಆರುನೂರು!"

"ಹುಚ್ಚು ಹಿಡದೈತೇನು?"

ಬಣ್ಣ ನೇರಳೆಗೆ ತಿರುಗಿತು. ಹಾಗೊಂದು ಬಣ್ಣವಿದೆಯೆಂದು ಕೈಪಿಡಿ ಸುಳಿವೇ ಕೊಟ್ಟಿರಲಿಲ್ಲ. 999 ತಲುಪಿ ಅಂಕಿ ಕೈಚೆಲ್ಲಿತು. ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಘಾಟು ನೆತ್ತಿಗೇರಿತು. ಕಿಟಕಿ ತೆಗೆಯೋಣವೆಂದರೆ ಟೇಪು ಬಿಡದು. ಬಿಟ್ಟಾಗ ದಸರೆಗೆ ಬಳಿದ ಹೊಸ ಬಣ್ಣವನ್ನೂ ಕಿತ್ತುಕೊಂಡೇ ಬಂತು. ಕೊನೆಗೆ ಸಂಸಾರವೆಲ್ಲ ಕಣ್ಣೊರೆಸಿಕೊಳ್ಳುತ್ತ ಹೊರಗಿನ ಕಟ್ಟೆಯ ಮೇಲೆ, ಕಾಂಗ್ರೆಸ್ ಗಿಡಗಳ ಸಾನ್ನಿಧ್ಯದಲ್ಲಿ ಕೂತು ಒಗ್ಗರಣಿ-ಮಿರ್ಚಿ ತಿಂದಿತು. ಮೀಟರು ಅಲ್ಲಿ 64 ತೋರಿಸಿತು. ಮಿರ್ಚಿ ಚೆನ್ನಾಗಿತ್ತು.

ಆ ಯಂತ್ರಕ್ಕೆ ಪರಾಗ ಕಾಣುವುದೇ ಇಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ಪಾರ್ಥೇನಿಯಂ ಪರಾಗ 10 ಮೈಕ್ರಾನಿಗಿಂತ ದಪ್ಪ. ಲೇಖಕರನ್ನು ಸೀನಿಸುತ್ತಿದ್ದದ್ದು ಒಂದು, ಅವರು ಅಳೆಯುತ್ತಿದ್ದದ್ದು ಇನ್ನೊಂದು. ಉಳಿದ ಉಪಾಯಗಳೆಲ್ಲ ಬೇಸರ ಬರುವಷ್ಟು ಸಾದಾ: ಕರಿಯುವಾಗ ಫ್ಯಾನು ಹಾಕಬೇಕು, ಬಟ್ಟೆಯನ್ನು ಮಾಳಿಗೆ ಮೇಲೆ ಒಣಹಾಕಬಾರದು, ಕಸಬರಿಗೆಗೆ ಮೊದಲು ಒದ್ದೆ ಬಟ್ಟೆ, ಹಾಸಿಗೆ ಬಟ್ಟೆಗೆ 60 ಡಿಗ್ರಿ ಬಿಸಿನೀರು. ಸೊಳ್ಳೆ ಬತ್ತಿ ಬಿಡಬೇಕು. ಒಂದು ಸುರುಳಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಹೊರಡುತ್ತದೆಂದು 2003ರಲ್ಲೇ ಅಳೆದವರಿದ್ದಾರೆ. ಹೆಪಾ ಫಿಲ್ಟರಿನ ಯಂತ್ರ ಕೊಂಡರೆ ಅದು 0.3 ಮೈಕ್ರಾನಿನ ಕಣಗಳಲ್ಲೂ ಶೇಕಡಾ 99.97ನ್ನು ಹಿಡಿಯುತ್ತದೆ. ಒಂದು ಕೋಣೆಯ ಮಟ್ಟಿಗೆ, ಕರೆಂಟು ಇದ್ದರೆ.

ಪಕ್ಕದ ಮನೆಯ ಹಿರಿಯರು ದಿನಾ ಬೆಳಗ್ಗೆ ಪ್ಲಾಸ್ಟಿಕ್ಕು ಸಮೇತ ಕಸ ಸುಡುತ್ತಾರೆ. ಇದಕ್ಕೆ ಯಾವ ಫಿಲ್ಟರೂ ಇಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯಲ್ಲೂ ಬಳ್ಳಾರಿ ಇಲ್ಲ; ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮಾತ್ರ. ಕಪ್ಪು ಅಂಗಳ ಗುಡಿಸುವವರಿಗೆ ಈ ಪಟ್ಟಿ ನಗು ತರಿಸುವುದಿಲ್ಲ. ಲೇಖಕರು ಸಿಟ್ಟಿಗೆದ್ದು ಮೀಟರು ಹಿಡಿದು ಹೊಗೆಯ ಬಳಿಗೇ ಹೋದರು.

ಹಿರಿಯರು ನೇರಳೆ ಬಣ್ಣವನ್ನು ಕುತೂಹಲದಿಂದ ನೋಡಿದರು. "ಏಟಕ್ಕ ಬಂತ್ರಿ ಇದು?" ಎಂದರು. ಬೆಲೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದಿನ ಕೊಡ್ರಿ. ನನ್ ಮಗ ಕಾರ್ಖಾನ್ಯಾಗ ನೈಟ್ ಶಿಫ್ಟ್ ಅದಾನ. ಮನಿಗೆ ಬಂದ್ರ ಕೆಮ್ಮು ನಿಂದ್ರಂಗಿಲ್ಲ. ಅಲ್ಲಿ ಏಟು ತೋರಸ್ತೈತಿ ನೋಡೂಣು."

ಲೇಖಕರು ಸಿದ್ಧಪಡಿಸಿಕೊಂಡಿದ್ದ ಭಾಷಣ ನುಂಗಿಕೊಂಡು ಮೀಟರು ಕೊಟ್ಟರು, ಚಾರ್ಜರು ಸಮೇತ. ಮರುದಿನ ಅದು ವಾಪಸು ಬಂತು. ಗೇಟಿನಲ್ಲಿ ಒಳಗೆ ಬಿಡಲಿಲ್ಲವಂತೆ.

ಆಮೇಲಿಂದ ಹಿರಿಯರು ಲೇಖಕರ ಮೇಲಿನ ಗೌರವಕ್ಕೆ ಬೆಳಗ್ಗೆ ಕಸ ಸುಡುವುದನ್ನು ಬಿಟ್ಟಿದ್ದಾರೆ. ಸಂಜೆ ಸುಡುತ್ತಾರೆ, ತಂಪಿಗೆ ಹೊಗೆ ಮೇಲೇರದೆ ನೆಲದಲ್ಲೇ ಹರಡುವ ಹೊತ್ತಿಗೆ ಸರಿಯಾಗಿ.