ಮಂಟಪ ಕಟ್ಟುವವರ ಮರ್ಯಾದೆ

ಚೌತಿ ಹತ್ತಿರ ಬಂತೆಂದರೆ ಸಾಗರದ ಕಡೆ ಯುವಕ ಸಂಘಗಳಿಗೆ ಮಂಟಪ ಕಟ್ಟುವ ಹುಕಿ. ‘ಯುವಕ’ ಎನ್ನುವುದು ಬೋರ್ಡಿನ ಪ್ರಕಾರ; ಅರ್ಧಕ್ಕರ್ಧ ಜನಕ್ಕೆ ಮಂಡಿನೋವು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಿ, ಊಟ ಮುಗಿಸಿ ರಾತ್ರಿ ಬಂದು ಸೇರುತ್ತಾರೆ.

ಹವ್ಯಾಸಿಗಳೆಂದು ಹಗುರ ಮಾಡುವ ಹಾಗಿಲ್ಲ. 1949ರಲ್ಲಿ ಇಲ್ಲೇ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಮ್ ನಾಟಕ ಸಂಘ ಶುರುವಾದದ್ದೂ ಹವ್ಯಾಸಿಗಳಿಂದಲೇ. ಮೇಲಾಗಿ ಸಾಗರವೆಂದರೆ ಗಂಧದ ಕೊರಡಿನಲ್ಲಿ ದೇವರನ್ನು ಕೆತ್ತುವ ಗುಡಿಗಾರರ ಊರು. ಇಲ್ಲಿ ಥರ್ಮಾಕೋಲ್ ಕಂಬವನ್ನು ಸೊಟ್ಟಗೆ ನಿಲ್ಲಿಸಲು ಎದೆಗಾರಿಕೆ ಬೇಕು.

ಹಾಗಾಗಿ ಒಂದಿಷ್ಟು ನಡಾವಳಿ. ಬಾಯಲ್ಲಿ ಕವಳ ಇಟ್ಟುಕೊಂಡು ಬಿಳಿ ಥರ್ಮಾಕೋಲಿನ ಮೇಲೆ ಬಗ್ಗಿ ಸಲಹೆ ಕೊಡಬಾರದು. ಕೊಟ್ಟಮೇಲೆ, ಬಿದ್ದ ಕೆಂಪು ಚುಕ್ಕೆಯನ್ನು ದಾಸವಾಳವೆಂದು ವಾದಿಸಬಾರದು. ಮನೆಗೊಯ್ದ ಸುತ್ತಿಗೆ ಮುಂದಿನ ಚೌತಿಗಾದರೂ ವಾಪಸ್ ಬರಬೇಕು. ಏಣಿ ಹತ್ತಿದವನಿಗೆ ‘ಎಡಕ್ಕೆ’, ‘ಬಲಕ್ಕೆ’ ಎನ್ನುವ ಅಧಿಕಾರ ಒಬ್ಬನಿಗೇ. ಏಣಿ ಹಿಡಿದವನು ಮೊಬೈಲ್ ತೆಗೆಯಕೂಡದು. ಅಡಿಕೆ ರೇಟಿನ ಸುದ್ದಿ ಎತ್ತಿದರಂತೂ ಆ ರಾತ್ರಿ ಒಂದು ಮೊಳೆಯೂ ಇಳಿಯುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು, ‘ಹೋದ್ ವರ್ಷದ್ದೇ ಚೆನಾಗಿತ್ತು’ ಎನ್ನಬಾರದು. ಇದನ್ನು ಮುರಿಯುವವರು ಸಾಮಾನ್ಯವಾಗಿ ಅಧ್ಯಕ್ಷರೇ. ದಂಡ, ಎಲ್ಲರಿಗೂ ಮಂಡಕ್ಕಿ, ಚಹಾ. ಹತ್ತೂವರೆ ದಾಟುತ್ತಿದ್ದಂತೆ ಹಸಿದ ನಾಲ್ಕು ಮಂದಿ ಅಧ್ಯಕ್ಷರ ಪಕ್ಕ ಕೂತು, ‘ಈ ಸಲದ ಗೋಪುರ ಹೆಂಗೆ ಕಾಣ್ತು?’ ಎಂದು ಮೆಲ್ಲಗೆ ಶುರು ಮಾಡುತ್ತಾರೆ.