ವಂಶವೃಕ್ಷ, ಮೂರು ಪ್ರತಿ

ಸಿನಿಮಾದಲ್ಲಿ ಮನೆತನದ ಗುಟ್ಟು ಹೊರಬೀಳಬೇಕಾದರೆ ಮಳೆ ಹೊಯ್ಯಬೇಕು, ಕರೆಂಟು ಹೋಗಬೇಕು, ಅಟ್ಟದಿಂದ ಟ್ರಂಕು ಇಳಿಯಬೇಕು, ಅದರೊಳಗೆ ಅರ್ಧ ಹರಿದ ಫೋಟೊ ಸಿಗಬೇಕು. 'ಶಂಕರ್ ಗುರು' (1978) ನೋಡಿ. ಅಪ್ಪ, ಇಬ್ಬರು ಮಕ್ಕಳು, ಮೂವರೂ ರಾಜ್‌ಕುಮಾರ್. ಕನ್ನಡಿ ನೋಡಿಕೊಂಡಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಸಿನಿಮಾ ಬೇಕಾಯಿತು. ದಾವಣಗೆರೆಯಲ್ಲಾಗಿದ್ದರೆ ಮಂಡಕ್ಕಿ-ಮಿರ್ಚಿ ಅಂಗಡಿಯವನೇ "ನಿಮ್ಮಂಗೇ ಇರೋರು ಈಗಷ್ಟೇ ತಿಂದು ಹೋದ್ರಲ್ರೀ" ಎಂದು ಮಧ್ಯಂತರಕ್ಕೆ ಮುಂಚೆ ಶುಭಂ ಹಾಕಿಬಿಡುತ್ತಿದ್ದ.

ನಮ್ಮ ಕಡೆ ಗುಟ್ಟು ಟ್ರಂಕಿನಲ್ಲಿರುವುದಿಲ್ಲ, ವಂಶವೃಕ್ಷದಲ್ಲಿರುತ್ತದೆ. ಭೈರಪ್ಪನವರ ಕಾದಂಬರಿಯಲ್ಲ, 1972ರಲ್ಲಿ ಕಾರಂತರೂ ಕಾರ್ನಾಡರೂ ಕೂಡಿ ಮಾಡಿದ ಸಿನಿಮಾವೂ ಅಲ್ಲ. ಪಹಣಿಯ ಜೊತೆ ಪಿನ್ ಹೊಡೆದು ಕೊಡುವ ಹಾಳೆ. ಕಾದಂಬರಿಯ ಶ್ರೋತ್ರಿಗಳು ತಾವು ಆ ವಂಶದ ಕುಡಿಯೇ ಅಲ್ಲವೆಂದು ತಿಳಿದಾಗ ಕುಸಿದುಹೋದರು. ನಮ್ಮವರು ವಂಶದಲ್ಲೇ ಹುಟ್ಟಿದವಳನ್ನು ಹಾಳೆಯಿಂದ ಬಿಟ್ಟು, ಎರಡು ಬೆಣ್ಣೆದೋಸೆ ತಿಂದು, ತೇಗಿ ಮಲಗುತ್ತಾರೆ.

ಮೊನ್ನೆ ಹರಿಹರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರ ಕೈಯಲ್ಲಿ ಅಂಥದೊಂದು ಹಾಳೆಯಿತ್ತು. ಇಣುಕಿದೆ, ತಪ್ಪೇ. ಮೇಲಿನ ಚೌಕದಲ್ಲಿ ಅಪ್ಪ, ಪಕ್ಕದಲ್ಲಿ 'ಮೃತ'. ಕೆಳಗೆ ಮೂರು ಗೆರೆ, ಮೂರು ಚೌಕ, ಮೂರೂ ಗಂಡು. ನಾಲ್ಕನೆಯ ಗೆರೆ ಹೊರಟ ಜಾಗದಲ್ಲಿ ವೈಟ್ನರ್ ಬಳಿದಿತ್ತು, ಗೋಡೆಯ ಸುಣ್ಣದ ಹಾಗೆ ದಪ್ಪಗೆ.

"ಇದೇನ್ರೀ ಯಜಮಾನ್ರೆ?" ಅಂದ ಅಂಗಡಿ ಹುಡುಗ.

"ಬರಿಯೋವಾಗ ಕೈ ತಪ್ಪೈತಿ."

"ಕೈ ತಪ್ಪಿದ್ದರ ಹೆಸರೇನ್ರೀ?"

ಹಿರಿಯರಿಗೆ ಸಿಟ್ಟು ಬರಲಿಲ್ಲ, ಅದೇ ವಿಶೇಷ. "ತಂಗೀನ ಪಂಚಮಿಗೆ ಕರಿತೀವಪ್ಪಾ, ಸೀರೆ ಉಡಿಸ್ತೀವಿ. ಹಾಳ್ಯಾಗ ಯಾಕ ಬೇಕು?" ಅಂದರು.

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಹೇಳಿತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದಿತು. ಅದನ್ನು ಕೇಳಿದ್ದೇ ತಡ, ನಮ್ಮಲ್ಲಿ ಹೆಣ್ಣುಮಕ್ಕಳು ಹುಟ್ಟುವುದನ್ನೇ ನಿಲ್ಲಿಸಿದರು, ಹಾಳೆಯ ಮೇಲೆ. ಹೊಲ ಲೇಔಟ್ ಆಗುವ ದಿನ ಮಾತ್ರ ಮತ್ತೆ ಹುಟ್ಟುತ್ತಾರೆ. ಕೊಳ್ಳುವವರ ವಕೀಲ "ಅಕ್ಕ-ತಂಗಿ ಇಲ್ವಾ?" ಅನ್ನುತ್ತಾನೆ. ಅಣ್ಣಂದಿರು ಕಾರು ಮಾಡಿಕೊಂಡು, ಸ್ವೀಟ್ ಡಬ್ಬಿ ಹಿಡಿದು, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಲು ಹೊರಡುತ್ತಾರೆ. ಕಳೆದುಹೋದ ತಂಗಿ ಸಿಕ್ಕ ಈ ದೃಶ್ಯಕ್ಕೆ ಹಿನ್ನೆಲೆ ಸಂಗೀತವೊಂದೇ ಕಮ್ಮಿ.

ಹಾಗೆ ನೋಡಿದರೆ ನಮ್ಮ ದಾವಣಗೆರೆ ಜಿಲ್ಲೆಯದೂ ಗೋಜಲಿನ ಸಂಸಾರವೇ. 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಎಂಬ ಮೂರು ಮನೆಯ ಮಕ್ಕಳನ್ನು ತಂದು ಕಟ್ಟಿದ್ದು. ಹರಪನಹಳ್ಳಿ 2018ರಲ್ಲಿ ತವರು ಬಳ್ಳಾರಿಗೆ ಮರಳಿತು. ಮೂರು ವರ್ಷದಲ್ಲಿ ತವರೇ ಪಾಲಾಗಿ, ವಿಜಯನಗರದ ಮನೆಗೆ ಹೋಯಿತು. ಇಷ್ಟಾದರೂ ಎಲ್ಲ ಗೆಜೆಟ್‌ನಲ್ಲಿ ಅಚ್ಚಾಗಿದೆ, ಯಾರೂ ವೈಟ್ನರ್ ಬಳಿಯಲಿಲ್ಲ.

ಹಿರಿಯರು ಹಾಳೆಯನ್ನು ಕಚೇರಿಗೆ ಕೊಡುವ ಮೊದಲು ಹರಿಹರೇಶ್ವರನ ಮುಂದೆ ಇಟ್ಟು ಬರುವವರಿದ್ದರು. ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಬಲಕ್ಕೆ ಹರ, ಎಡಕ್ಕೆ ಹರಿ, ಒಂದೇ ಮೈಯಲ್ಲಿ ಅರ್ಧರ್ಧ. ಎಂಟುನೂರು ವರ್ಷದಿಂದ ಸಮಪಾಲು ಮಾಡಿಕೊಂಡು ತಂಟೆಯಿಲ್ಲದೆ ನಿಂತ ದೇವರ ಮುಂದೆ ಈ ಹಾಳೆ!

ಮಶಿನ್ ಗುಂಯ್‌ಗುಟ್ಟಿ ಮೂರು ಪ್ರತಿ ಹೊರಬಂದವು. ಮೂರರಲ್ಲೂ ವೈಟ್ನರಿನ ಅಂಚು ಕಪ್ಪು ನೆರಳಾಗಿ ಮೂಡಿತ್ತು. ನಾಲ್ಕನೆಯ ಚೌಕ, ಖಾಲಿ, ಅಚ್ಚುಕಟ್ಟು.

"ಡಾರ್ಕ್ ಕಮ್ಮಿ ಮಾಡ್ಲೇನ್ರೀ?" ಅಂದ ಹುಡುಗ.