ಅರ್ಥಿಂಗ್ ರಾಯರು

ಪೀಣ್ಯದ ಯಾವ ಶೆಡ್ಡನ್ನು ಹೊಕ್ಕರೂ, ಜೇಬಿಗೆ ಟೆಸ್ಟರು ಸಿಕ್ಕಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೆಟ್ಟು ನಿಂತ ಯಂತ್ರವನ್ನು ಮುಟ್ಟದೆಯೇ ದಿಟ್ಟಿಸುತ್ತಿರುವ ಹಿರಿಯರೊಬ್ಬರು ಕಾಣದಿರರು. ಇವರ ನಿಜವಾದ ನಾಮಧೇಯ ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಲೋಕದ ಬಾಯಲ್ಲಿ ಇವರು ಅರ್ಥಿಂಗ್ ರಾಯರು.

ಸಕಲ ದುಃಖಗಳಿಗೂ ಮೂಲ ಒಂದೇ ಎಂದು ಸಾರಿದ ದಾರ್ಶನಿಕರು ಅನೇಕರು ಆಗಿಹೋಗಿದ್ದಾರೆ. ಆದರೆ ಆ ಮೂಲವನ್ನು ಶೆಡ್ಡಿನ ಹಿಂದುಗಡೆ, ಕಾಂಪೌಂಡು ಗೋಡೆಯ ಪಕ್ಕದಲ್ಲಿ, ಮುಚ್ಚಳ ಒಡೆದ ಗುಂಡಿಯೊಂದರಲ್ಲಿ ಬೆರಳಿಟ್ಟು ತೋರಿಸಬಲ್ಲವರು ರಾಯರೊಬ್ಬರೇ. ಮೋಟಾರು ಕಾದರೆ ಅರ್ಥಿಂಗ್ ಸರಿಯಿಲ್ಲ, ಡಿಸ್‌ಪ್ಲೇ ಮಿನುಗಿದರೆ ಅರ್ಥಿಂಗ್ ಸರಿಯಿಲ್ಲ. ಮಾಲೀಕರ ಮಗ ಪಿಯುಸಿಯಲ್ಲಿ ಗಣಿತಕ್ಕೆ ನಪಾಸಾದಾಗಲೂ ರಾಯರು ಇದನ್ನೇ ಅಂದರೆಂದು ಹುಡುಗರು ಆಡಿಕೊಳ್ಳುವುದುಂಟು. ಹಾಗೆಂದು ಅವರನ್ನು ಮೂಢರೆನ್ನುವುದು ನ್ಯಾಯವಲ್ಲ. ಡ್ರೈವಿನಿಂದ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿನ ಮಗ್ಗುಲಲ್ಲೇ ಸಿಗ್ನಲ್ ತಂತಿಯನ್ನೂ ಎಳೆದು, ಶೀಲ್ಡನ್ನು ಎಲ್ಲಿಯೂ ಕಟ್ಟದೆ ಬಿಟ್ಟವರ ಯಂತ್ರಗಳನ್ನು ಇದೇ ಮಂತ್ರದಿಂದ ಅವರು ಬದುಕಿಸಿದ್ದಾರೆ. ಆ ಯಶಸ್ಸೇ ಅವರಿಗೆ ಮುಳುವಾಯಿತೇನೋ.

ಇಂಥ ರಾಯರ ಮುಂದೆ ಒಂದು ದಿನ ಸಿಎನ್‌ಸಿ ಲೇಥೊಂದು ಥ್ರೆಡ್ಡಿಂಗ್ ನಡುವೆ ಅಲಾರಂ ಕೊಟ್ಟು ನಿಂತಿತು. ಸ್ಪಿಂಡಲ್ಲಿನೊಡನೆ ತಿರುಗುವ ಎನ್‌ಕೋಡರು, ಸುತ್ತಿಗೆ 1024ರಂತೆ, ಎ ಮತ್ತು ಬಿ ಎಂಬ ಎರಡು ಸಾಲುಗಳಲ್ಲಿ, ಒಂದು ಇನ್ನೊಂದಕ್ಕಿಂತ 90 ಡಿಗ್ರಿ ಹಿಂದಾಗಿ, ಪಲ್ಸುಗಳನ್ನು ಕಳುಹಿಸುತ್ತಿದ್ದರೆ ಮಾತ್ರ ಟೂಲಿಗೆ ತಾನು ಎಷ್ಟು ಸರಿಯಬೇಕೆಂಬುದು ತಿಳಿಯುವುದು. ಸುತ್ತಿಗೊಮ್ಮೆ ಬರುವ ಝೆಡ್ ಪಲ್ಸನ್ನು ನಂಬಿಯೇ ಪ್ರತಿಯೊಂದು ಪಾಸೂ ಹಿಂದಿನ ಗೆರೆಯಲ್ಲಿ ಬೀಳುವುದು. ಸಿಗ್ನಲ್ ಕುಂದಿ ಎಣಿಕೆ ತಪ್ಪಿತೋ, ನಟ್ಟು ಹತ್ತದ ಥ್ರೆಡ್ಡು ತಯಾರು. ರಾಯರು ಯಂತ್ರವನ್ನು ಅರೆಗಳಿಗೆ ನೋಡಿ, ಹೆಲ್ಪರನನ್ನು ಕರೆದು, ಗುಂಡಿಗೆ ಕೊಡಗಟ್ಟಲೆ ನೀರು ಹೊಯ್ಯಿಸಿದರು. ಸೋಮವಾರದ ರುದ್ರಾಭಿಷೇಕಕ್ಕೂ ಅಷ್ಟು ಶ್ರದ್ಧೆ ಕಾಣದು. ಕಾಕತಾಳೀಯವೆಂಬುದು ಸುಳ್ಳಾಗಬಾರದಲ್ಲ, ಯಂತ್ರ ಓಡಿತು! ಊಟದ ಹೊತ್ತಿಗೆ ಮತ್ತೆ ನಿಂತಿತು. “ನೀರು ಸಾಲದು, ಎರಡು ಮೂಟೆ ಇದ್ದಿಲು, ಎರಡು ಮೂಟೆ ಉಪ್ಪು ಬರೆಯಿರಿ” ಎಂದು ಅಪ್ಪಣೆಯಾಯಿತು.

ಆ ನಡುವೆ, ಹೊಸದಾಗಿ ಸೇರಿದ್ದ ಡಿಪ್ಲೊಮಾ ಹುಡುಗನು ಎಲ್ಲಿಂದಲೋ ಸ್ಕೋಪೊಂದನ್ನು ಬೇಡಿ ತಂದು ಎ ಸಾಲಿಗೆ ಹಚ್ಚಿದನು. ಚೌಕವಾಗಿ ನಿಲ್ಲಬೇಕಾದ ಅಲೆಗಳು ಎತ್ತರಗುಂದಿ, ಅಂಚು ಓರೆಯಾಗಿ, ಬಂದವೋ ಬಾರದವೋ ಎಂಬಂತಿದ್ದವು. ಒಳಗಿನ ಎಲ್‌ಇಡಿ ಮುಪ್ಪಿನಿಂದ ಮಂಕಾಯಿತೇ, ಕೂಲೆಂಟಿನ ಆವಿ ಸೀಲು ದಾಟಿ ಗಾಜಿನ ಡಿಸ್ಕಿನ ಮೇಲೆ ಕುಳಿತಿತೇ ಎಂದು ಸಂಶಯಿಸಿ ಮುಚ್ಚಳ ತೆಗೆದರೆ ಡಿಸ್ಕು ನಿರ್ಮಲ. ಕಡೆಗೆ ಮೀಟರು ಹಿಡಿದಾಗ ಸತ್ಯ ಹೊರಬಿತ್ತು: ಪ್ಯಾನೆಲ್ಲಿನಲ್ಲಿ 5 ವೋಲ್ಟು, ಎನ್‌ಕೋಡರಿನ ಬುಡದಲ್ಲಿ 4.4. ಹಿಂದೆ ಲೇಥನ್ನು ಶೆಡ್ಡಿನ ಆ ಮೂಲೆಗೆ ಸರಿಸಿದಾಗ ಯಾರೋ ಪುಣ್ಯಾತ್ಮರು ಕೂದಲಿನಷ್ಟು ಸಪುರದ ಕೇಬಲ್ಲನ್ನು ಜೋಡಿಸಿದ್ದರು. ಹೋಗುವ ದಾರಿಯಲ್ಲಿ ಕೊಂಚ, ಬರುವ ದಾರಿಯಲ್ಲಿ ಕೊಂಚ, ವೋಲ್ಟೇಜು ಸೋರಿಹೋಗುತ್ತಿತ್ತು. ಹುಡುಗನು ಆ ಕೇಬಲ್ಲಿನಲ್ಲೇ ಬಿಡುವಾಗಿದ್ದ ನಾಲ್ಕು ಕೋರುಗಳನ್ನು ಸಪ್ಲೈಗೆ ಕೂಡಿಸಿದನು. ಮೀಟರು 4.8 ತೋರಿಸಿತು, ಅಲೆಗಳು ನೆಟ್ಟಗಾದವು. ಸಂಜೆಯವರೆಗೆ ಅಲಾರಂ ಇಲ್ಲ.

ರಾಯರು ಹತ್ತಿರ ಬಂದು, ಕನ್ನಡಕವನ್ನು ಹಣೆಗೇರಿಸಿ, ಹೊಸ ಜೋಡಣೆಯನ್ನು ಬಹಳ ಹೊತ್ತು ಪರೀಕ್ಷಿಸಿದರು.

“ಯಾವ ಯಾವ ತಂತಿ ಕಟ್ಟಿದೆಯಪ್ಪಾ?”

“ಐದು ವೋಲ್ಟಿಗೆ ಎರಡು, ಸೊನ್ನೆ ವೋಲ್ಟಿಗೆ ಎರಡು, ಸಾರ್.”

“ಸೊನ್ನೆ ವೋಲ್ಟು ಅಂದರೆ ಇನ್ನೇನಯ್ಯಾ? ಬೆಳಗಿನಿಂದ ನಾನು ಬಡಕೊಳ್ತಾ ಇರೋದು ಅದನ್ನೇ ಅಲ್ಲವೇ!”

ಅದು ಬೇರೆ, ಇದು ಬೇರೆ ಎನ್ನಲು ಹುಡುಗನು ಬಾಯಿ ತೆರೆಯುವಷ್ಟರಲ್ಲಿ, ಮಾಲೀಕರು ಇದ್ದಿಲು ಉಪ್ಪುಗಳ ವೋಚರಿಗೆ ರುಜು ಹಾಕಿ, “ಏನೇ ಆಗಲಿ, ಅನುಭವ ಅನುಭವವೇ” ಎಂದು ರಾಯರಿಗೆ ಕಾಫಿ ತರಿಸಿದರು.